ಕುರಿ ಇಳಿದ ಹೊಂಡ

ಮದುವೆಯಾಗಿ ಆ ಊರಿಗೆ ಬಂದಾಗ ನನ್ನ ನಾಲಿಗೆ ಬಲು ಉದ್ದವಿತ್ತು. ಈಗಲೂ ಅದೇನು ಗಿಡ್ಡವಾಗಿಲ್ಲ; ಕೇಳಿಸಿಕೊಳ್ಳುವವರು ಕಡಿಮೆಯಾಗಿದ್ದಾರೆ ಅಷ್ಟೆ. ಧಾರವಾಡದಲ್ಲಿ ಬೆಳೆದವಳು, ಇಂಗ್ಲಿಷ್ ಮೂರನೆಯ ಇಯತ್ತೆಯವರೆಗೆ ಕಲಿತವಳು ಎಂಬ ಜಂಬ ಒಂದು ಕಡೆ, ತವರಿನ ಮಡಿ ಎಲ್ಲರಿಗಿಂತ ಹೆಚ್ಚು ಎಂಬ ಜಂಬ ಇನ್ನೊಂದು ಕಡೆ. ಎರಡೂ ಸೇರಿದ ಹುಡುಗಿ ಒಂದು ಓಣಿಗೆ ಸೊಸೆಯಾಗಿ ಬಂದರೆ ಏನಾಗಬೇಕೋ ಅದೇ ಆಯಿತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಕಾಲ ಅದು.

ಸವಣೂರಿನಿಂದ ಪಶ್ಚಿಮಕ್ಕೆ ಎರಡು ಹರದಾರಿ ದೂರದ ಊರು. ನಮ್ಮ ಓಣಿಯಲ್ಲಿ ಏಳು ವೈಷ್ಣವ ಮನೆಗಳು, ಏಳೂ ಒಂದಕ್ಕೊಂದು ಹತ್ತಿಕೊಂಡ ಮಣ್ಣಿನ ಮಾಳಿಗೆಯ ಮನೆಗಳು. ಮಾಳಿಗೆಯ ಮೇಲೆ ಬಿದ್ದ ಮಳೆ ಹರನಾಳಿಗೆಯಿಂದ ಹಿತ್ತಲಿಗೆ ಧುಮುಕುತ್ತಿತ್ತು. ಎಲ್ಲ ಮನೆಗಳ ಹಿತ್ತಲ ಬಾಗಿಲೂ ಒಂದೇ ಇಳಿಜಾರಿಗೆ ಮುಖ ಮಾಡಿದ್ದವು. ಆ ಇಳಿಜಾರಿನ ತುದಿಯಲ್ಲಿ ಒಂದು ಹೊಂಡ, ಹೊಂಡದ ಕೆಳಗೆ ಏಳೂ ಮನೆಗಳಿಗೆ ಸೇರಿದ ಒಂದು ತೋಟ. ಓಣಿಯ ತೋಟ ಎಂದೇ ಅದರ ಹೆಸರು. ತುಳಸಿ, ದಾಸವಾಳ, ಮಲ್ಲಿಗೆ, ಬದನೆ, ಹೀರೆ, ಮೆಂತ್ಯ, ಎಲ್ಲವೂ ಅಲ್ಲಿ ಬೆಳೆಯುತ್ತಿದ್ದವು. ಊರಿನ ಬಾವಿಗಳಲ್ಲಿ ಇದ್ದದ್ದು ಸವುಳು ನೀರು. ಅದನ್ನು ತುಳಸಿಗೆ ಎರಡು ದಿನ ಹಾಕಿದರೆ ಎಲೆ ಕಂದಿ ಉದುರುತ್ತಿತ್ತು. ಕುಡಿಯುವ ನೀರನ್ನೇ ಅರ್ಧ ಹರದಾರಿ ದೂರದ ಕೆರೆಯಿಂದ ಹೊತ್ತು ತರಬೇಕಾದ ಊರಿನಲ್ಲಿ ತೋಟಕ್ಕೆ ಆಕಾಶವೊಂದೇ ದಿಕ್ಕು.

ನಾನು ಬಂದದ್ದು ಆಷಾಢ ಮುಗಿದ ಮೇಲೆ. ಬಂದ ವಾರದೊಳಗೆ ಒಂದು ಮಧ್ಯಾಹ್ನ ಜೋರು ಮಳೆ ಹೊಡೆಯಿತು. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಏಳು ಹರನಾಳಿಗೆಗಳಿಂದ ನೀರು ಒಂದೇ ಸಲ ಬೀಳುತ್ತಿತ್ತು, ಕಾಲುವೆಯಲ್ಲಿ ಕೂಡುತ್ತಿತ್ತು, ಕದಡಿ ಸುತ್ತಿ ಹೊಂಡಕ್ಕೆ ಇಳಿಯುತ್ತಿತ್ತು. ಧಾರವಾಡದಲ್ಲಿ ಇದಕ್ಕಿಂತ ದೊಡ್ಡ ಮಳೆ ನೋಡಿದ್ದೆ, ಆದರೆ ಅಲ್ಲಿ ನೀರು ಬಂದಷ್ಟೇ ವೇಗದಲ್ಲಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಇಲ್ಲಿ ಅದು ನಿಂತಿತು. ಮರುದಿನವೂ ನಿಂತಿತ್ತು. ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ, ಹೋಳಿಯ ಹೊತ್ತಿಗೆ ಮೊಳಕಾಲಷ್ಟಕ್ಕೆ ಇಳಿದಿದ್ದರೂ ನಿಂತೇ ಇತ್ತು. ಬಿರುಕು ಬಿಡುವ ಕಪ್ಪು ಎರಿ ನೆಲದಲ್ಲಿ, ಕಲ್ಲಿಲ್ಲದೆ ಗಚ್ಚಿಲ್ಲದೆ, ಬರಿಯ ಮಣ್ಣಿನ ಗುಂಡಿಯಲ್ಲಿ ನೀರು ಎಂಟು ತಿಂಗಳು ಹೇಗೆ ನಿಲ್ಲುತ್ತದೆ ಎಂದು ನಾನು ಬೆರಗಾದೆ. ಬೆರಗಾದೆನೇ ಹೊರತು ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ.

ತೋಟವನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಮಾವನವರ ಅಕ್ಕ. ಓಣಿಯವರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಹದಿನಾರು ವರ್ಷಕ್ಕೆ ಗಂಡ ಹೋದ ಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ತಮ್ಮನ ಮನೆಗೆ ಬಂದವರು. ಮನೆಯಲ್ಲಿ ಅವರ ಜಾಗ ಅಡಿಗೆಮನೆಯ ಹಿಂದಿನ ಕತ್ತಲೆ ಕೋಣೆ. ಹಬ್ಬ ಹುಣ್ಣಿವೆಗೆ ಮುಂದೆ ಬರುವಂತಿಲ್ಲ, ಮಂಗಳಕಾರ್ಯದಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಆದರೆ ತೋಟದಲ್ಲಿ ಅವರದೇ ದರ್ಬಾರು. ಯಾವ ಮನೆಗೆ ಇವತ್ತು ಎಷ್ಟು ತುಳಸಿ, ಯಾರ ಮನೆಯ ಬಾಣಂತಿಗೆ ಮೆಂತ್ಯ, ಯಾರ ಸರದಿಯಲ್ಲಿ ಎಷ್ಟು ಕೊಡ ನೀರು, ಎಲ್ಲವನ್ನೂ ಅವರೇ ಹೇಳಬೇಕು. ಏಳು ಮನೆಯ ಹೆಂಗಸರು ಬುಟ್ಟಿ ಹಿಡಿದು ಅವರ ಮುಂದೆ ನಿಂತು ಕೇಳುತ್ತಿದ್ದರು. ಅಲ್ಲಿ ಅವರ ಧ್ವನಿಯೇ ಬೇರೆಯಾಗಿತ್ತು.

ಮುಂದಿನ ವೈಶಾಖದಲ್ಲಿ ದೊಡ್ಡಕ್ಕ ಹಿರೇಕೆರೂರಿನ ಕಡೆ, ಮಾಸೂರಿಗೆ ಹೋದರು. ಅಲ್ಲಿ ಅವರ ತಂಗಿಯ ಮಗಳಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಕೈಗೂಡಿಸುವವರು ಬೇಕಾಗಿತ್ತು. ಹೋಗುವಾಗ ತೋಟದ ಬಗ್ಗೆ ನನಗೆ ನೂರು ಮಾತು ಹೇಳಿದರು. ಮೊದಲ ಮಳೆಯ ನೀರನ್ನು ಹೊಂಡಕ್ಕೆ ಬಿಡಬೇಡ, ಮಾಳಿಗೆ ತೊಳೆದ ಕೊಳೆ ಅದು, ಕಾಲುವೆ ತಿರುಗಿಸಿ ದಾರಿಗೆ ಬಿಡು ಎಂದರು. ಬದನೆ ಅಗಿ ಇನ್ನೂ ಎಳೆಯ ಸಸಿ, ನೆರಳು ಕಟ್ಟು ಎಂದರು. ಹೊಂಡದ ತಳದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಅವರು ಹೋದ ಮೇಲೆ ಹೊಂಡ ಪೂರ್ತಿ ಒಣಗಿತು. ಒಣಗಿದ ತಳವನ್ನು ನಾನು ನೋಡಿದ್ದು ಅದೇ ಮೊದಲು. ಕಪ್ಪಗೆ, ದಪ್ಪ ರೊಟ್ಟಿಯ ಹಾಗೆ ಗಟ್ಟಿಯಾದ ಪದರು. ಕಡ್ಡಿಯಿಂದ ಕೆದರಿದರೆ ಒಳಗೆ ತುಂಬ ಕುರಿಯ ಹಿಕ್ಕೆ. ಈ ನೀರನ್ನು ಹಾಕಿ ಬೆಳೆಸಿದ ತುಳಸಿಯನ್ನು ನಾವು ದಿನವೂ ದೇವರ ತಲೆಯ ಮೇಲೆ ಏರಿಸುತ್ತಿದ್ದೆವು. ಯಾವುದೋ ಕುರುಬನ ಹಿಂಡು ಕದ್ದು ಒಳಗೆ ಇಳಿದಿರಬೇಕು, ಯಾರೂ ನೋಡಿಲ್ಲ ಎಂದುಕೊಂಡೆ. ದೊಡ್ಡಕ್ಕ ಬರುವುದರೊಳಗೆ ಇದನ್ನು ಶುದ್ಧ ಮಾಡಿ ಅವರಿಂದ ಶಾಭಾಸ್ ಅನ್ನಿಸಿಕೊಳ್ಳಬೇಕೆಂದು ಹುಕಿ ಬಂತು.

ಓಣಿಯಲ್ಲಿ ನನ್ನ ವಯಸ್ಸಿನ ಸೊಸೆಯರು ಐದು ಜನ ಇದ್ದರು. ಅವರ ತಲೆ ಕೆಡಿಸುವುದು ಕಷ್ಟವಾಗಲಿಲ್ಲ. ಹಿರಿಯ ಹೆಂಗಸರು ಕೇಳಿಯೂ ಕೇಳದವರ ಹಾಗೆ ಇದ್ದರು. ಒಬ್ಬರು ಮಾತ್ರ, ದೊಡ್ಡಕ್ಕ ಬರಲಿ ತಡಿಯಬಾರದೇ ಎಂದು ಮೆಲ್ಲಗೆ ಅಂದರು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಎಂಟು ದಿನ ಗುದ್ದಲಿ ಸಲಿಕೆ ಹಿಡಿದು ಆ ಪದರನ್ನೆಲ್ಲ ಎಬ್ಬಿಸಿ, ಬುಟ್ಟಿಯಲ್ಲಿ ಹೊತ್ತು ತೋಟದ ಅಂಚಿಗೆ ಸುರಿದೆವು. ಕೆಳಗಿನ ಹರಳು ಹರಳಾದ ಗರಸು ಮಣ್ಣು ಕಾಣುವವರೆಗೆ ಬಿಡಲಿಲ್ಲ. ಆಮೇಲೆ ಆಕಳ ಸಗಣಿ ತಂದು ಹೊಂಡದ ತಳವನ್ನು ಅಡಿಗೆಮನೆಯ ಹಾಗೆ ಸಾರಿಸಿದೆವು. ಸಾರಿಸಿದ ಮೇಲೆ ಬರಿದು ಬಿಡುವುದು ಹೇಗೆ? ನಡುವೆ ಒಂದು ದೊಡ್ಡ ರಂಗೋಲಿ ಹಾಕಿದೆವು. ಹೊಂಡದೊಳಗೆ ರಂಗೋಲಿ ಹಾಕಿದವರು ಜಗತ್ತಿನಲ್ಲಿ ನಾವಲ್ಲದೆ ಇನ್ನಾರೂ ಇರಲಿಕ್ಕಿಲ್ಲ.

ರೋಹಿಣಿಯ ಮೊದಲ ಮಳೆ ಬಿತ್ತು. ದೊಡ್ಡಕ್ಕ ಹೇಳಿದಂತೆ ನೀರನ್ನು ದಾರಿಗೆ ಬಿಟ್ಟೆ. ಮರುದಿನ ಬೆಳಿಗ್ಗೆ ಒಬ್ಬ ಕುರುಬ ಇನ್ನೂರು ಮುನ್ನೂರು ಕುರಿಗಳೊಂದಿಗೆ ನೇರವಾಗಿ ಹೊಂಡದ ಹತ್ತಿರ ಬಂದು ನಿಂತ. ತಡಸದ ಕಡೆ ಮಳೆ ಹಿಡಿದೊಡನೆ ಕುರುಬರು ಹಿಂಡನ್ನು ಒಣ ಸೀಮೆಗೆ, ಪೂರ್ವಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ದಾರಿಹೋಕನಂತೆ ಅಲ್ಲ, ಕರೆದ ಮನೆಗೆ ಬಂದವನಂತೆ ಇದ್ದ ಅವನ ಠೀವಿ ನನಗೆ ಸಿಟ್ಟು ತರಿಸಿತು. ತೋಟದ ಅವ್ವಾರು ಎಲ್ಲಿದ್ದಾರೆ ಎಂದು ಕೇಳಿದ. ಊರಲ್ಲಿಲ್ಲ, ಇಲ್ಲಿ ಕುರಿ ಇಳಿಸಬೇಡ, ಇದು ದೇವರಿಗೆ ಹೋಗುವ ನೀರು ಎಂದೆ.

ಅವನು ರಂಗೋಲಿಯನ್ನು ಒಂದು ಗಳಿಗೆ ನೋಡಿದ. “ದೇವರಿಗೆ ನಮ್ಮ ಕುರಿ ಹೊಸಾವಲ್ರಿ,” ಎಂದ. ನಾನು ಇನ್ನೂ ನಾಲ್ಕು ಒರಟು ಮಾತು ಆಡಿದೆ. ಇಲ್ಲಿ ಬರೆಯಲು ನಾಚಿಕೆಯಾಗುವಂಥವು. ಅವನು ಹಿಂಡನ್ನು ತಿರುಗಿಸಿಕೊಂಡು ಸವಣೂರಿನ ದಾರಿ ಹಿಡಿದ. ಆಗ ನನ್ನ ಗಮನಕ್ಕೆ ಬಂದ ಒಂದು ಸಂಗತಿಗೆ ಅರ್ಥ ಹತ್ತಲಿಲ್ಲ. ಬೆಳಗಿನ ಹೊತ್ತಾದರೂ ಏಳೂ ಮನೆಗಳ ಹಿತ್ತಲ ಬಾಗಿಲು ಮುಚ್ಚಿದ್ದವು.

ಮೃಗಶಿರಾ ಮಳೆ ಎರಡು ದಿನ ಬಿಡದೆ ಸುರಿದು ಹೊಂಡ ತುಂಬಿತು. ತಿಳಿ ನೀರು. ಸೊಸೆಯರೆಲ್ಲ ದಂಡೆಯ ಮೇಲೆ ನಿಂತು ಮುಖ ನೋಡಿಕೊಂಡೆವು. ಮರುದಿನ ಅರ್ಧಕ್ಕೆ ಇಳಿದಿತ್ತು. ಬಿಸಿಲಿಗೆ ಆರಿದೆ ಎಂದೆ. ಅದರ ಮರುದಿನ ನಡುವಿನಲ್ಲಿ ಒಂದು ತಂಬಿಗೆಯಷ್ಟು ಇತ್ತು. ನಾಲ್ಕನೆಯ ದಿನ ಬರಿ ಗರಸು. ನೆಲ ಬಾಯಿ ತೆರೆದು ಕುಡಿದುಬಿಟ್ಟಿತ್ತು. ಏನೋ ದೊಡ್ಡದನ್ನು ಕೆಡಿಸಿದ್ದೇನೆ ಎಂಬುದಷ್ಟೇ ಗೊತ್ತಾಯಿತು, ಏನನ್ನು ಎಂಬುದು ಗೊತ್ತಾಗಲಿಲ್ಲ.

ಐದನೆಯ ದಿನ ದೊಡ್ಡಕ್ಕ ಚಕ್ಕಡಿಯಿಂದ ಇಳಿದರು. ಮನೆಯೊಳಗೂ ಹೋಗದೆ ತೋಟಕ್ಕೆ ಬಂದರು. ಹೊಂಡಕ್ಕಿಳಿದು ಗರಸಿನ ಮೇಲೆ ಅಂಗೈ ಇಟ್ಟು ಕುಳಿತರು. ನಾನು ಎಲ್ಲವನ್ನೂ ಹೇಳಿದೆ, ರಂಗೋಲಿಯನ್ನೂ ಬಿಡಲಿಲ್ಲ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

“ನಿನ್ನ ತಪ್ಪಲ್ಲ ಬಿಡು,” ಎಂದರು. “ಕಣ್ಣು ಮುಚಗೊಂಡು ಮಾಡೋ ಕೆಲಸಾ, ಇನ್ನೊಬ್ರಿಗೆ ಹೆಂಗ ಕಲಸ್ಲಿಕ್ಕೆ ಬರ್ತದ?”

ಆಗ ಹೇಳಿದರು. ಮನೆ ಕಟ್ಟಲು ಮಣ್ಣು ತೆಗೆದ ತಗ್ಗಂತೆ ಅದು. ಅವರು ತವರಿಗೆ ಬಂದ ಎರಡನೆಯ ವರ್ಷ ಒಂದು ಹಿಂಡು ಮಳೆಗೆ ಸಿಕ್ಕಿ ದಿನವಿಡೀ ಆ ತಗ್ಗಿನ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿತ್ತು. ಕುರಿ ಹೋದ ಮೇಲೆ ತಗ್ಗಿನ ನೀರೆಲ್ಲ ಇಂಗಿತು, ಕುರಿ ನಿಂತ ಮೂಲೆಯಲ್ಲಿ ಮಾತ್ರ ತಿಂಗಳುಗಟ್ಟಲೆ ನಿಂತಿತು. ಇಡೀ ಓಣಿಯಲ್ಲಿ ಅದನ್ನು ಕಂಡವರು ಕತ್ತಲೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದ ಹದಿನೆಂಟು ವರ್ಷದ ಆ ಹೆಂಗಸು ಒಬ್ಬಳೇ. ಹಸಿ ಮಣ್ಣು, ಹಿಕ್ಕೆ, ಮೇಲೆ ಸಾವಿರ ಚಿಕ್ಕ ಗೊರಸುಗಳ ತುಳಿತ. ಮೂರೂ ಕೂಡಿದರೆ ನೆಲ ನೀರನ್ನು ಬಿಡುವುದಿಲ್ಲ. ಎಮ್ಮೆಯ ಕಾಲು ದೊಡ್ಡದು, ಮಣ್ಣನ್ನು ಕೀಳುತ್ತದೆ. ಕುರಿಯ ಕಾಲು ಒತ್ತುತ್ತದೆ. ಮರುವರ್ಷ ಅವರೇ ಕುರುಬನನ್ನು ಕರೆದರು. ಬೇಸಿಗೆಯಲ್ಲಿ ಬಿಟ್ಟ ಬಿರುಕು ಮುಚ್ಚಲು ಪ್ರತಿವರ್ಷ ಮೊದಲ ಮಳೆಯ ಮರುದಿನ ಹಿಂಡು ಬಂದು ಇಳಿಯಬೇಕು. ಆದರೆ ವಿಧವೆಯೊಬ್ಬಳು ದೇವರ ತೋಟದ ನೀರಿನಲ್ಲಿ ಕುರಿ ಇಳಿಸುತ್ತಾಳೆ ಎಂದು ಬಾಯಿಬಿಟ್ಟು ಹೇಳಿದರೆ ಮಡಿಯ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದರೆ ಪಂಡಿತರಾದ ಮಾವನವರು ಉತ್ತರ ಹೇಳಬೇಕಾಗುತ್ತದೆ. ಹೀಗಾಗಿ ಓಣಿ ಒಂದು ಉಪಾಯ ಕಂಡುಕೊಂಡಿತ್ತು. ಹಿಂಡು ಬಂದ ದಿನ, ಯಾಕೆಂದು ಸೊಸೆಯರಿಗೂ ಹೇಳದೆ, ಎಲ್ಲರೂ ಹಿತ್ತಲ ಬಾಗಿಲು ಹಾಕಿಕೊಂಡು ಒಳಗೆ ಕೂಡುವುದು. ಕಾಣದ್ದು ನಡೆದಿಲ್ಲ. ಮೂವತ್ತು ವರ್ಷ ಹೀಗೇ ನಡೆದಿತ್ತು.

ಶಾಲೆ ಕಂಡವಳು ನಾನು, ಅಕ್ಷರ ಬಾರದವರು ಅವರು. ಒಂದು ಕಿಟಕಿಯಿಂದ ನೋಡಿ ಇಡೀ ಓಣಿಗೆ ನೀರು ಕೊಟ್ಟಿದ್ದರು. ಅವರ ಮುಂದೆ ನನ್ನ ಮೂರು ಇಯತ್ತೆ ಎಲ್ಲಿ ಅಡಗಿಕೊಳ್ಳಲಿ ಎನ್ನುತ್ತಿತ್ತು.

ಅದೇ ಸಂಜೆ ಓಣಿಯ ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂಡಿದರು. ಮೂರನೆಯ ಮನೆಯ ಯಜಮಾನರು ಮೊದಲಿನಿಂದಲೂ ತೋಟದ ಜಾಗದ ಮೇಲೆ ಕಣ್ಣಿಟ್ಟವರು. ನೀರೇ ನಿಲ್ಲದ ಮೇಲೆ ತೋಟ ಯಾತಕ್ಕೆ, ದಸರೆ ಮುಗಿದೊಡನೆ ಏಳು ಪಾಲು ಮಾಡಿ ಬಣವೆ ಒಟ್ಟಲು ಇಟ್ಟುಕೊಳ್ಳೋಣ ಎಂದರು. ಬೇಡವೆನ್ನಲು ಯಾರಲ್ಲೂ ಕಾರಣವಿರಲಿಲ್ಲ. ಕಾರಣ ಹೇಳಬೇಕಾದರೆ ಕುರಿಯ ಹೆಸರು ಎತ್ತಬೇಕಿತ್ತು. ಮಾವನವರು ಈ ಮಳೆಗಾಲ ನೋಡೋಣ ಎಂದಷ್ಟೇ ಹೇಳಿ ಎದ್ದರು. ಬಾಗಿಲ ಹಿಂದೆ ನನ್ನ ಪಕ್ಕದಲ್ಲಿ ನಿಂತಿದ್ದ ದೊಡ್ಡಕ್ಕನ ಕೈ ಚೌಕಟ್ಟನ್ನು ಹಿಡಿದಿತ್ತು. ತೋಟ ಹೋದರೆ ಅವರಿಗೆ ಉಳಿಯುವುದು ಆ ಕತ್ತಲೆ ಕೋಣೆ. ಅದನ್ನು ಅವರಿಗೆ ತಂದಿಟ್ಟವಳು ನಾನು.

ಮರುದಿನ ನಸುಕಿನಲ್ಲಿ ನನ್ನ ಯಜಮಾನರನ್ನು ಎಬ್ಬಿಸಿ ಚಕ್ಕಡಿ ಹೂಡಿಸಿದೆ. ಸವಣೂರಿನಲ್ಲಿ ದೊಡ್ಡ ಹುಣಸೆ ಮರಗಳ ಹತ್ತಿರ ವಿಚಾರಿಸಿ, ಅಲ್ಲಿಂದ ಇನ್ನೂ ಒಂದು ಹರದಾರಿ ಹೋಗಿ, ಬೀಡುಬಿಟ್ಟ ಹಿಂಡನ್ನು ಹಿಡಿದೆವು. ಕುರುಬ ನನ್ನನ್ನು ಗುರುತಿಸಿದ. ನಾನು ತಪ್ಪಾಯಿತು ಎಂದೆ. ಹಾಗೆ ಅಂದದ್ದು ಜನ್ಮದಲ್ಲಿ ಅದೇ ಮೊದಲು; ಅವನಿಗೆ ಕೇಳಿಸಲೆಂದು ಎರಡು ಸಲ ಹೇಳಬೇಕಾಯಿತು. ಅವನು ನಗಲಿಲ್ಲ, ಹಂಗಿಸಲೂ ಇಲ್ಲ. ಮಳೆಯ ದಿಕ್ಕಿಗೆ ಹಿಂಡು ತಿರುಗಿಸಿದರೆ ಕುರಿಯ ಕಾಲು ಕೊಳೆಯುತ್ತವೆ ಎಂದ. ಆಮೇಲೆ ಕಂಬಳಿ ಸರಿಮಾಡಿಕೊಂಡ.

“ಅವ್ವಾರ ಕೆಲಸ ಅಂದ್ರ ನಾಡದು ಬರ್ತೇನ್ರಿ. ಆದ್ರ ಒಂದ ಮಾತು. ಈ ಸಲ ಯಾರೂ ಬಾಗಲಾ ಹಾಕ್ಕೋಬಾರದು. ನಮ್ಮಪ್ಪ ಬಂದ, ನಾನೂ ಬರಾಕತ್ತೇನಿ. ಕಳ್ಳರಂಗ ಬಂದು ಹೋಗೂದು ಸಾಕಾಗೇತ್ರಿ.”

ಆ ಮಾತನ್ನು ಹೊತ್ತುಕೊಂಡು ಬಂದು ದೊಡ್ಡಕ್ಕನಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಎದ್ದು, ಎಂದೂ ಹೋಗದ ಪಡಸಾಲೆಗೆ ಹೋದರು. ಮಾವನವರು ವ್ಯಾಸಪೀಠದ ಮುಂದೆ ಕುಳಿತು ಪುಸ್ತಕ ನೋಡುತ್ತಿದ್ದರು.

“ನಾಡದು ಕುರಿ ಬರ್ತಾವ,” ಎಂದರು ದೊಡ್ಡಕ್ಕ. “ಬಾಗಲಾ ಹಾಕಿದ್ರ ಹೊಳ್ಳಿ ಹೋಗ್ತಾವ. ಹೋದ್ರ ತೋಟ ಬಣವಿಗೆ ಹೋತು, ನಾ ಮೂಲಿಗೆ ಹೋದೆ. ನಿನಗ ಗೊತ್ತಿರಲಿ ಅಂತ ಹೇಳಿದೆ.”

ಮಾವನವರು ತಲೆ ಎತ್ತಲಿಲ್ಲ. ಪುಟ ತಿರುವಿದರು. ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಆ ಮನುಷ್ಯನ ಮೌನ ನನಗೆ ಎಷ್ಟು ಸಿಟ್ಟು ತರಿಸಿತೆಂದರೆ ಒಳಗೆ ಹೋಗಿ ತಪ್ಪಲೆಯೊಂದನ್ನು ಸುಮ್ಮನೆ ಕುಕ್ಕಿದೆ.

ಎರಡು ದಿನ ಸೊಸೆಯರೆಲ್ಲ ಕೂಡಿ, ತೋಟದ ಅಂಚಿಗೆ ಸುರಿದ ಆ ಹಳೆಯ ಮಣ್ಣನ್ನು ಮತ್ತೆ ಬುಟ್ಟಿಗೆ ತುಂಬಿ ಹೊಂಡಕ್ಕೆ ಹೊತ್ತೆವು. ಹೆಂಟೆ ಒಡೆದು, ಕೆರೆಯ ನೀರು ತಂದು ಚಿಮುಕಿಸಿ, ಮೊಣಕೈವರೆಗೆ ಹಿಕ್ಕೆಯ ವಾಸನೆ ಹಿಡಿಸಿಕೊಂಡೆವು. ಯಾರೂ ಮಡಿಯ ಮಾತೆತ್ತಲಿಲ್ಲ.

ಮೂರನೆಯ ದಿನ ಮುಂಜಾನೆ ಹಿಂಡು ಬಂತು. ಕುರುಬ ಇಳಿಜಾರಿನ ಮೇಲೆಯೇ ನಿಂತ. ಏಳು ಬಾಗಿಲುಗಳೂ ಮುಚ್ಚಿದ್ದವು. ಅವನು ಕೋಲನ್ನು ನೆಲಕ್ಕೂರಿ ಅದರ ಮೇಲೆ ಗದ್ದವಿಟ್ಟು ಕಾದ. ಕುರಿಗಳು ಅರಚುತ್ತಿದ್ದವು. ದೊಡ್ಡಕ್ಕ ಹೊಂಡದ ದಂಡೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಬಾಗಿಲುಗಳ ಕಡೆ ನೋಡಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಅವನು ಇನ್ನೇನು ತಿರುಗುತ್ತಾನೆ ಎನ್ನುವಾಗ ನಮ್ಮ ಬಾಗಿಲ ಅಗಳಿ ಸರಿದ ಸಪ್ಪಳವಾಯಿತು. ಮಾವನವರು ಹೊರಗೆ ಬಂದರು. ಮೈಮೇಲೆ ಮಡಿಧೋತರ, ಹಣೆಯಲ್ಲಿ ಅಂಗಾರದ ಹಸಿ ಕಪ್ಪು ಗೆರೆ. ಹೊಸ್ತಿಲ ಮೇಲೆ ಕುಳಿತು, ಹೊಂಡದ ಕಡೆ ನೆಟ್ಟ ಕಣ್ಣಿನಿಂದ ನೋಡತೊಡಗಿದರು. ಆಮೇಲೆ ಎರಡನೆಯ ಮನೆಯ ಬಾಗಿಲು, ಐದನೆಯದು, ಏಳನೆಯದು. ಮೂರನೆಯ ಮನೆಯದು ಎಲ್ಲಕ್ಕಿಂತ ಕೊನೆಗೆ ತೆರೆಯಿತು.

ಇಷ್ಟು ಜನರನ್ನು ಕಂಡು ಕುರಿಗಳೇ ಬೆದರಿ ನಿಂತವು. ಆಗ ದೊಡ್ಡಕ್ಕ ಸೀರೆ ಎತ್ತಿ ಕಟ್ಟಿ ತಾವೇ ಕೆಸರಿಗೆ ಇಳಿದರು. ಮುಂದಿನ ಟಗರು ಅವರ ಹಿಂದೆ ಕಾಲಿಟ್ಟಿತು. ಟಗರಿನ ಹಿಂದೆ ಹಿಂಡೆಲ್ಲ ಇಳಿಯಿತು. ನಾನೂ ಇಳಿದೆ. ಸುತ್ತು ಸುತ್ತು ಸುತ್ತಿದೆವು. ಬೆಚ್ಚನೆಯ ಉಣ್ಣೆ ಸೊಂಟಕ್ಕೆ ಉಜ್ಜುತ್ತಿತ್ತು, ಕಾಲ ಕೆಳಗೆ ಮಣ್ಣು ಮೊದಲು ಪಚಪಚ ಎನ್ನುತ್ತಿದ್ದದ್ದು ಸುತ್ತು ಹೆಚ್ಚಿದಂತೆ ಬಿಗಿಯುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಹೆಜ್ಜೆ ಹುಗಿಯುವುದೇ ನಿಂತಿತ್ತು. ಹಿಂಡು ಹೊರಬಿದ್ದ ಮೇಲೆ ನೋಡಿದರೆ ಇಡೀ ತಳ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಮನುಷ್ಯರು ಗಚ್ಚು ಅರೆದು ವಾರಗಟ್ಟಲೆ ಮಾಡುವ ಕೆಲಸವನ್ನು ಹುಲ್ಲು ತಿಂದು ಅರಚುವ ಪ್ರಾಣಿಗಳು ಅರ್ಧ ದಿನದಲ್ಲಿ ಮಾಡಿ ಮುಗಿಸಿದ್ದವು. ನನಗೆ ಕೈಮುಗಿಯಬೇಕೆನಿಸಿತು. ಯಾರಿಗೆ ಎಂದು ತಿಳಿಯದೆ ಸುಮ್ಮನಾದೆ. ಕುರುಬನಿಗೆ ಮಾವನವರೇ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂಡಲು ಹೇಳಿದರು, ಮಜ್ಜಿಗೆ ತರಲು ನನಗೆ ಹೇಳಿದರು.

ಆರಿದ್ರಾ ಮಳೆ ಬಂತು, ಹೊಂಡ ತುಂಬಿತು. ನಾಲ್ಕನೆಯ ದಿನ ನಸುಕಿನಲ್ಲೇ ಹೋಗಿ ನೋಡಿದೆ. ಒಂದು ಬೆರಳಷ್ಟೂ ಇಳಿದಿರಲಿಲ್ಲ. ಹತ್ತನೆಯ ದಿನವೂ ಇಳಿಯಲಿಲ್ಲ. ಬಣವೆಯ ಮಾತನ್ನು ಯಾರೂ ಮತ್ತೆ ಆಡಲಿಲ್ಲ.

ಅದಾದ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಾನು ದೊಡ್ಡಕ್ಕನ ಜೊತೆ ಬದನೆ ಅಗಿ ಹಚ್ಚುತ್ತಿದ್ದೆ. ಮೂರನೆಯ ಮನೆಯ ಯಜಮಾನರು ರುಮಾಲು ಸುತ್ತಿ, ಕಚೇರಿ ಕೆಲಸಕ್ಕೆ ಶಿಗ್ಗಾಂವಿಗೆ ಹೊರಟವರು ಹಿತ್ತಲಿಂದ ಹೊಂಡದ ಕಡೆ ಬಂದರು. ಕೆಲಸದ ಮೇಲೆ ಹೊರಟವರು ತಲೆ ಬೋಳಿಸಿದ ವಿಧವೆಯ ಮುಖ ನೋಡುವಂತಿರಲಿಲ್ಲ. ನೋಡಿದರೆ ಒಳಗೆ ಹೋಗಿ, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ದೊಡ್ಡಕ್ಕ ರೂಢಿಯಂತೆ ಎದ್ದು ಬೇಲಿಯ ಮರೆಗೆ ಸರಿದರು, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಯಜಮಾನರು ನಿಂತರು. ನೀರನ್ನು ನೋಡಿದರು, ಆಮೇಲೆ ಬೇಲಿಯ ಕಡೆ ತಿರುಗಿ ಎರಡು ಹೆಜ್ಜೆ ಮುಂದೆ ಬಂದರು.

“ದೊಡ್ಡಕ್ಕಾ, ಎಷ್ಟು ಆಳ ಆಗೇದ ನೀರು?” ಎಂದು ಕೇಳಿದರು.

ದೊಡ್ಡಕ್ಕ ಸೆರಗು ಸರಿಸಿ ಎದೆಮಟ್ಟ ಎಂದು ಕೈ ಮಾಡಿ ತೋರಿಸಿದರು. ಸಂಕ್ರಾಂತಿಯ ತನಕ ಬಂದೀತೇ ಎಂದು ಅವರು ಕೇಳಿದರು. ಹೋಳಿಯ ತನಕ ಬರುತ್ತದೆ ಎಂದು ಇವರು ಹೇಳಿದರು. ಸರಿ ಎಂದು ತಲೆಯಾಡಿಸಿ ಯಜಮಾನರು ಹಾಗೆಯೇ ಶಿಗ್ಗಾಂವಿಯ ದಾರಿ ಹಿಡಿದರು. ಮನೆಗೆ ಹೊರಳಲಿಲ್ಲ. ಅವರ ರುಮಾಲು ಹೊಲದ ಆಚೆ ಮರೆಯಾಗುವವರೆಗೆ ದೊಡ್ಡಕ್ಕ ನೋಡುತ್ತ ನಿಂತರು.

“ನನ್ನ ಮಾರಿ ನೋಡಿ ಹೊಂಟ್ರು,” ಎಂದರು.

ಆಮೇಲೆ ಅಗಿಯ ಪಾತಿಯ ಪಕ್ಕದಲ್ಲಿ ಕುಳಿತು ಅತ್ತರು. ನಾನು ಅವರನ್ನು ಮುಟ್ಟುವಂತಿರಲಿಲ್ಲ, ಅವರು ಮಡಿಯಲ್ಲಿದ್ದರು. ಆದರೂ ಮಣ್ಣುಗೈಯಲ್ಲೇ ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.